ಧೂಳೆಂದು ಒರೆಸಿದ್ದು

"ಇಷ್ಟು ಹತ್ತಿರ ಇದ್ಕೊಂಡು ಎಲ್ಲಿ ಅಡಗಿದ್ದೀಯೋ?"

ಪರದೆಯತ್ತ ಬಾಗಿ ಅಳತೆಯಾಕೆ ಕೇಳಿದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ವೀಕ್ಷಣಾಲಯದ ದೂರದರ್ಶಕ ಮುಂಜಾವಿನಲ್ಲಿ ತೆಗೆದ ಚಿತ್ರಗಳನ್ನು ಹಗಲಲ್ಲಿ ಕೂತು ಅಳೆಯುವುದು ಅವಳ ಕೆಲಸ.

ಎರಡು ವರ್ಷದ ಹಿಂದೆ, ತೀರಿಕೊಳ್ಳುವ ಮುಂಚಿನ ತಿಂಗಳು, ಅವಳ ಗಂಡ ಇದೇ ಕುರ್ಚಿಯಲ್ಲಿ ಕೂತು ನಾಲ್ಕು ಮುಂಜಾವಿನ ಚಿತ್ರಗಳಲ್ಲಿ ಸಾಸಿವೆಯಷ್ಟು ಚುಕ್ಕೆಯೊಂದನ್ನು ಕಂಡಿದ್ದ. ಭೂಮಿ ಸೂರ್ಯನನ್ನು ಸುತ್ತುವ ದಾರಿಯಲ್ಲೇ, ಭೂಮಿಗಿಂತ ಎರಡು ತಿಂಗಳ ಹಾದಿ ಮುಂದೆ ನಡೆಯುವ ಪುಟ್ಟ ಬಂಡೆ. ದಾರಿ ಒಂದೇ, ನಡಿಗೆ ಒಂದೇ. ಎಷ್ಟು ನಡೆದರೂ ಕೂಡುವುದಿಲ್ಲ, ಅಗಲುವುದೂ ಇಲ್ಲ. ಎರಡು ವರ್ಷದೊಳಗೆ ಮತ್ತೆ ಕಾಣದಿದ್ದರೆ 'ಕಳೆದುಹೋಗಿದೆ' ಎಂದು ಬರೆದು ಅಳತೆಯವರು ರುಜು ಹಾಕಬೇಕು. ಆ ಗಡುವು ಇವತ್ತು. ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ್ದಳು. ಸಿಕ್ಕಿರಲಿಲ್ಲ.

ಕೋಣೆಯ ಮುಖ್ಯಸ್ಥನಾಗಿದ್ದ ಮೈದುನ ಆ ರುಜುವಿನ ಕಾಗದ ಹಿಡಿದು ಬಂದ. ಅತ್ತಿಗೆಯ ಮುಖ ನೋಡಿ ಹಗುರ ಮಾಡಲೆಂದು ಹೇಳಿದ: "ಅತ್ತಿಗೆ, ನೀವು ಒರೆಸೋಕೆ ಕೂತ್ರೆ ನಕ್ಷತ್ರಾನೂ ಉಳಿಯಲ್ಲ ಅಂತಿದ್ದ ಅಣ್ಣ."

ಅವಳು ನಗಲು ಹೋದವಳು ಅರ್ಧಕ್ಕೇ ನಿಲ್ಲಿಸಿದಳು.

ದಿನವೂ ಸೂರ್ಯ ಹುಟ್ಟುವುದಕ್ಕೆ ಒಂದೂವರೆ ಗಂಟೆ ಮುಂಚೆ, ಒಂದೇ ದಿಕ್ಕಿಗೆ ಮುಖ ಮಾಡಿ ಚಿತ್ರ ತೆಗೆಯುತ್ತಿದ್ದರು. ದಿನದಿಂದ ದಿನಕ್ಕೆ ನಕ್ಷತ್ರಗಳು ಚೌಕಟ್ಟಿನಲ್ಲಿ ಸರಿಯುತ್ತವೆ. ಸರಿಯದೆ ಕೂತದ್ದು ಮಸೂರದ ಮೇಲಿನ ಧೂಳು; ಚಿತ್ರದಿಂದ ಅದನ್ನು ಒರೆಸಿ ಆಮೇಲೆ ಅಳೆಯುವುದು ಕೋಣೆಯ ವಾಡಿಕೆ. ಆದರೆ ಸೂರ್ಯನಿಂದ ದೂರ ಬದಲಿಸದೆ ನಮ್ಮ ಜೊತೆಗೇ ನಡೆಯುವ ಬಂಡೆ ಅದೇ ಹೊತ್ತಿಗೆ ಅದೇ ಜಾಗದಲ್ಲೇ ಕಾಣಬೇಕಲ್ಲ? ಗಂಡನಿಗೆ ಒರೆಸುವ ತಾಳ್ಮೆ ಇರಲಿಲ್ಲ; ಅದಕ್ಕೇ ಅವನಿಗೆ ಕಂಡಿತ್ತು. ಎರಡು ವರ್ಷ ಅವಳೇ, ತನ್ನ ಕೈಯಾರೆ, ದಿನಾ ಅಳಿಸಿದ್ದಳು.

ಒರೆಸದ ಮೂಲ ಚಿತ್ರಗಳನ್ನು ತೆರೆದಳು. ಉಳಿದಿದ್ದದ್ದು ಕಡೆಯ ಒಂಬತ್ತು ಬೆಳಗಿನವು ಮಾತ್ರ. ಒಂಬತ್ತರಲ್ಲೂ ಎಡಮೂಲೆಯಲ್ಲಿ ಒಂದು ಮಸುಕು ಚುಕ್ಕೆ.

ಮೈದುನ ಬಹಳ ಹೊತ್ತು ನೋಡಿದ. ಧೂಳೇ ಇದ್ದರೂ ಇರಬಹುದು, ಬಂಡೆಯಾದರೆ ಕೂದಲೆಳೆಯಷ್ಟಾದರೂ ಸರಿಯಬೇಕು, ಅದು ಇತ್ಯರ್ಥವಾಗಲು ಇನ್ನೂ ತಿಂಗಳು ಕಾಯಬೇಕು, ಅಷ್ಟು ದಿನ ಮೇಲಿನವರು ಕೇಳುವುದಿಲ್ಲ ಎಂದ. ಮೆಲ್ಲಗೆ ಪೆನ್ನನ್ನು ಅವಳ ಮುಂದಿಟ್ಟ.

"ಅಣ್ಣ ಹೋದ, ಅತ್ತಿಗೆ. ಇದನ್ನೂ ಬಿಟ್ಟುಬಿಡಿ. ರುಜು ಹಾಕಿ."

ಅವಳು ಚುಕ್ಕೆಯಿಂದ ಕಣ್ಣು ತೆಗೆಯಲಿಲ್ಲ.

"ಹಾಕಲ್ಲ ಕಣಪ್ಪ."