ಎರಡು ಸಲ ಬಂದ ಗಾಳಿ

ಚಿಕ್ಕಪ್ಪನ ಮಾತನ್ನು ಮನೆಯಲ್ಲಿ ಯಾರೂ ಇದ್ದದ್ದು ಇದ್ದ ಹಾಗೆ ತೆಗೆದುಕೊಳ್ಳುತ್ತಿರಲಿಲ್ಲ. ನಲವತ್ತು ವರ್ಷ ಬಟ್ಟೆ ಹೊಲಿದ ಕೈ, ಒಂದು ದಿನವೂ ಅಳತೆ ತಪ್ಪಿದ್ದಿಲ್ಲ. ಬಾಯಿಗೆ ಮಾತ್ರ ಅಳತೆಪಟ್ಟಿ ಇರಲಿಲ್ಲ. ಬೀದಿಯಲ್ಲಿ ಬೊಗಳಿದ ನಾಯಿ ಅವನ ಜೊತೆ ಮನೆ ತಲುಪುವಷ್ಟರಲ್ಲಿ ತೋಳವಾಗಿರುತ್ತಿತ್ತು. ಹಾಗಾಗಿ ಅಣ್ಣತಮ್ಮಂದಿರು ಅವನಿಗೆ ‘ರೆಕ್ಕೆಪುಕ್ಕ’ ಎಂದು ಹೆಸರಿಟ್ಟಿದ್ದರು. ಬಿರುಗಾಳಿಯ ಮರುದಿನ ಅವನು ಫೋನ್ ಮಾಡಿ, ಗಾಳಿ ಒಮ್ಮೆ ಬಂದು ಹೋಯಿತು, ಆಮೇಲೆ ಏನೋ ಮರೆತವರ ಹಾಗೆ ವಾಪಸ್ ಬಂತು ಎಂದಾಗ ಅಣ್ಣನ ಮಗಳು ನಕ್ಕುಬಿಟ್ಟಳು.

ಅವಳ ಹೊಟ್ಟೆಪಾಡೇ ಗಾಳಿ. ಹವಾಮಾನ ಸಂಶೋಧನಾ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ, ಗುಡುಗು ಮೋಡಗಳ ಗಾಳಿ ಏನೇನು ಕೆಡವಿತು ಎಂದು ಊರೂರು ಅಲೆದು ನಕ್ಷೆ ಮಾಡುವವಳು. ಅವಳು ತಲುಪುವ ಹೊತ್ತಿಗೆ ಗಾಳಿ ಇರುವುದಿಲ್ಲ. ಮುರಿದ ಮರ, ಬಾಗಿದ ಕಂಬ, ಹಾರಿದ ತಗಡು ಇರುತ್ತವೆ. ಯಾವುದು ಎತ್ತ ತಲೆ ಹಾಕಿ ಮಲಗಿದೆ ಎಂದು ದಿಕ್ಸೂಚಿ ಹಿಡಿದು ಬರೆದುಕೊಂಡರೆ ಗಾಳಿಯ ಹುಟ್ಟುಗುಣ ತಿಳಿಯುತ್ತದೆ. ಸುಂಟರಗಾಳಿ ಎಲ್ಲವನ್ನೂ ತಿರುಚಿ ಎಸೆಯುತ್ತದೆ. ಮೋಡದ ಹೊಟ್ಟೆಯಿಂದ ತಣ್ಣನೆಯ ಗಾಳಿ ಧೊಪ್ಪನೆ ಸುರಿದರೆ, ನೆಲಕ್ಕೆ ಚೆಲ್ಲಿದ ಬಕೆಟ್ ನೀರಿನ ಹಾಗೆ, ಬಿದ್ದಲ್ಲಿಂದ ಎಲ್ಲ ಕಡೆಗೂ ನುಗ್ಗುತ್ತದೆ.

ಚಿಕ್ಕಪ್ಪನ ಊರಿನ ಸರ್ವೆ ಅವಳ ಪಾಲಿಗೇ ಬಂತು. ಬೆಳಗಿನಿಂದ ಮಧ್ಯಾಹ್ನದೊಳಗೆ ಐವತ್ತೆಂಟು ಗುರುತು ಸಿಕ್ಕವು. ಎಲ್ಲವೂ ಪೂರ್ವಕ್ಕೆ ಇಲ್ಲವೇ ಅದರ ಆಚೀಚೆಗೆ, ಬೀಸಣಿಗೆ ಬಿಚ್ಚಿದಂತೆ ಬಿದ್ದಿದ್ದವು. ಊರಿನ ಪಶ್ಚಿಮಕ್ಕೆ ಮೋಡ ಒಮ್ಮೆ ಗಾಳಿ ಸುರಿದಿದೆ, ಅಷ್ಟೇ. ರೇಡಾರ್ ಚಿತ್ರವೂ ಅದನ್ನೇ ಹೇಳುತ್ತಿತ್ತು. ಕೆಲಸ ಮುಗಿಯಿತೆಂದು ಅವಳು ಊರಿನ ಪೂರ್ವದ ಅಂಚಿನಲ್ಲಿದ್ದ ಚಿಕ್ಕಪ್ಪನ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿದಳು.

ಒಂದೇ ಕೋಣೆ, ಎರಡು ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಒಡೆದ ಕಿಟಕಿಗೆ ಚಿಕ್ಕಮ್ಮ ರಟ್ಟು ಕಟ್ಟುತ್ತಿದ್ದಳು. ಚಿಕ್ಕಪ್ಪ ಅಣ್ಣನ ಮಗಳನ್ನು ಹೊರಗೆ ಕರೆದೊಯ್ದು ಬೆರಳು ತೋರಿಸಿದ. ಬಾಗಿಲ ಮೇಲಿದ್ದ ಅವನ ಬೋರ್ಡು ಪಕ್ಕದ ಕ್ಷೌರದಂಗಡಿಯ ಮಾಳಿಗೆ ಮೇಲಿತ್ತು. ಆ ಅಂಗಡಿ ಇದ್ದದ್ದು ಪಶ್ಚಿಮಕ್ಕೆ.

“ಊರೆಲ್ಲಾ ಪೂರ್ವಕ್ಕೆ ಬಿತ್ತು ಅಂತೀಯ. ನನ್ನ ಬೋರ್ಡು ಯಾಕೆ ಈ ಕಡೆ ಬಂತು?”

ಕಟ್ಟಡಗಳ ಸಂದಿಯಲ್ಲಿ ಗಾಳಿ ಸುತ್ತು ಹೊಡೆಯುತ್ತದೆ, ಒಂದು ಬೋರ್ಡನ್ನು ನಂಬಿ ಏನೂ ಹೇಳಲಾಗದು ಎಂದು ಅವಳು ವಿವರಿಸಿದಳು. ಈ ಮನುಷ್ಯ ಮೊದಲು ಎರಡು ಸಲ ಅಂದ, ಸಂಜೆಗೆ ಮೂರು ಸಲ ಆಗಿತ್ತು ಎಂದು ಚಿಕ್ಕಮ್ಮ ಒಳಗಿನಿಂದಲೇ ಸೇರಿಸಿದಳು. ಆದರೂ ಪ್ರಶ್ನೆ ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚತೊಡಗಿತು. ಸ್ವಂತ ಚಿಕ್ಕಪ್ಪನ ಮಾತನ್ನು ವರದಿಗೆ ಹಾಕುವಂತಿಲ್ಲ. ಎರಡನೆಯ ಗಾಳಿ ನಿಜವಾಗಿದ್ದರೆ ಬಯಲಿನಲ್ಲೂ ಎಲ್ಲಾದರೂ ಗುರುತು ಬಿಟ್ಟಿರಲೇಬೇಕು. ಬೆಳಿಗ್ಗೆ ಬೀಗ ಹಾಕಿದ್ದರಿಂದ ಅವಳು ನೋಡದೆ ಬಿಟ್ಟದ್ದು ಒಂದೇ ಜಾಗ, ಊರಿನ ಪೂರ್ವದ ಕೊನೆಯ ಶಾಲಾ ಮೈದಾನ.

ಈಗ ಗೇಟು ತೆರೆದಿತ್ತು. ಒಳಗೆ ಇಬ್ಬರು ಗರಗಸದವರು ಬಿದ್ದ ಮರಗಳನ್ನು ತುಂಡು ಮಾಡುತ್ತಿದ್ದರು. ಉಳಿದಿದ್ದವು ಎರಡೇ. ಒಂದು ಪೂರ್ವಕ್ಕೆ ತಲೆ ಹಾಕಿ ಮಲಗಿತ್ತು. ಇನ್ನೊಂದು ಅದರ ಮೇಲೆ, ನೇರ ಪಶ್ಚಿಮಕ್ಕೆ. ಅರ್ಧ ಗಂಟೆ ತಾಳಿ ಎಂದು ಅವಳು ಬೇಡಿಕೊಂಡಳು.

“ಮೇಲಿಂದು ಮೊದ್ಲು ತೆಗೀದೆ ಕೆಳಗಿಂದು ಕದಲಲ್ಲ ಮೇಡಂ,” ಎಂದ ಗರಗಸದವನು, ಅವಳಿಗೆ ಗೊತ್ತಿಲ್ಲವೇನೋ ಎಂಬಂತೆ.

ಅವಳು ಮೊಣಕಾಲೂರಿ ಬಗ್ಗಿ ನೋಡಿದಳು. ಕೆಳಗಿನ ಮರದ ಕೊಂಬೆಗಳು ಮೇಲಿನ ಕಾಂಡದಡಿ ಜಜ್ಜಿಹೋಗಿದ್ದವು. ಕೆಳಗಿನದು ಮೊದಲು ಬಿದ್ದದ್ದು, ಮೇಲಿನದು ಆಮೇಲೆ, ಅದೂ ಎದುರು ದಿಕ್ಕಿನ ಗಾಳಿಗೆ. ಇಪ್ಪತ್ತು ಫೋಟೋ ತೆಗೆದು ಬಿರಬಿರನೆ ಅಂಗಡಿಗೆ ಮರಳಿದಳು.

ಎರಡು ಗಾಳಿಗಳ ನಡುವೆ ಎಷ್ಟು ಹೊತ್ತು ಎಂದು ಕೇಳಿದಳು. ಚಿಕ್ಕಪ್ಪ ಅರ್ಧ ಗಂಟೆ ಅಂದ. ಆ ಹೊತ್ತಿಗೆ ಮನೆಯಲ್ಲಿದ್ದ ಚಿಕ್ಕಮ್ಮ ಎರಡು ನಿಮಿಷವೂ ಇರಲಾರದು ಅಂದಳು. ಬಾಯಿಲೆಕ್ಕ ಬೇಡ, ಮಾಡಿ ತೋರಿಸು ಎಂದು ಅಣ್ಣನ ಮಗಳು ಹಟ ಹಿಡಿದಳು. ಮೊದಲ ಗಾಳಿಗೆ ಗುಂಡಿಗಳ ಡಬ್ಬಿ ಚೆಲ್ಲಿತ್ತಂತೆ. ಮೇಜಿನಡಿ ಕೂತಿದ್ದವನು ಗಾಳಿ ನಿಂತಮೇಲೆ ಎದ್ದು, ಅಂಗಿಯ ಗುಂಡಿಗಳನ್ನೆಲ್ಲ ಆರಿಸಿ, ಕೋಟಿನವನ್ನು ಅರ್ಧ ಆರಿಸಿದ್ದಾಗ ಕಿಟಕಿ ಒಡೆಯಿತಂತೆ. ಅವಳು ಡಬ್ಬಿಯನ್ನು ನೆಲಕ್ಕೆ ಸುರಿದು ಗಡಿಯಾರ ಹಿಡಿದಳು. ಅರವತ್ತೈದು ದಾಟಿದ ಮನುಷ್ಯ ಮೇಜಿನಡಿ ತೂರಿ, ಮಂಡಿ ಹಿಡಿದುಕೊಂಡು ಹೊರಬಂದು ಆರಿಸತೊಡಗಿದ. ಬೇಕೆಂದೇ ನಿಧಾನ ಮಾಡುತ್ತಾನೇನೋ ಎಂದು ಚಿಕ್ಕಮ್ಮ ಸೊಂಟಕ್ಕೆ ಕೈಕೊಟ್ಟು ಕಾವಲು ನಿಂತಳು. ಕೋಟಿನ ಗುಂಡಿ ಅರ್ಧ ಮುಗಿದಾಗ ಆರು ನಿಮಿಷ ನಲವತ್ತು ಸೆಕೆಂಡು.

ರೇಡಾರ್ ಚಿತ್ರ ತೆಗೆಯುವುದು ಹತ್ತು ನಿಮಿಷಕ್ಕೊಮ್ಮೆ. ಮೊದಲನೆಯದು ಒಂದು ಚಿತ್ರದಲ್ಲಿ ಸಿಕ್ಕಿತ್ತು. ಎರಡನೆಯದು ಬಿದ್ದು, ಹರಡಿ, ಅಡಗಿದ್ದು ಎರಡು ಚಿತ್ರಗಳ ನಡುವೆ.

“ಅಂದ್ರೆ ನಾನು ಹೇಳಿದ್ದು ನಿಜ?” ಚಿಕ್ಕಪ್ಪ ನೆಲದಲ್ಲೇ ಕೂತು ಕೇಳಿದ.

“ಗಾಳಿ ವಾಪಸ್ ಬರ್ಲಿಲ್ಲ, ಚಿಕ್ಕಪ್ಪ. ಅದು ಬೇರೆ ಗಾಳಿ. ಮೋಡ ಊರಿನ ಪಶ್ಚಿಮಕ್ಕೆ ಒಂದ್ಸಲ ಸುರೀತು, ಊರು ದಾಟಿ ಪೂರ್ವಕ್ಕೆ ಇನ್ನೊಂದ್ಸಲ. ಆದ್ರೆ ಎರಡು ಸಲ ಅನ್ನೋದು ನಿಜ.”

ಅವನು ರೆಕ್ಕೆಪುಕ್ಕ ಕಟ್ಟಲಿಲ್ಲ. ಕೈಯಲ್ಲಿದ್ದ ಗುಂಡಿಯನ್ನು ತಿರುಗಿಸುತ್ತಾ ಕೂತ. ಕಣ್ಣಂಚು ಒದ್ದೆಯಾದದ್ದನ್ನು ಅವಳು ನೋಡಿಯೂ ನೋಡದವಳಂತೆ ಗಡಿಯಾರ ಚೀಲಕ್ಕೆ ಹಾಕಿದಳು.

“ಇನ್ನು ಇವರ ಜೊತೆ ಬಾಳಿದ ಹಾಗೇ,” ಎಂದಳು ಚಿಕ್ಕಮ್ಮ. ನಗು ಮಾತ್ರ ತಡೆಯಲಾಗಲಿಲ್ಲ.

ಕೇಂದ್ರದ ಹಿರಿಯರು ಮೊದಲು ಒಪ್ಪಲಿಲ್ಲ. ಮರಗಳ ಫೋಟೋವನ್ನು ಬಹಳ ಹೊತ್ತು ನೋಡಿದ ಮೇಲೆ, ನಕ್ಷೆ ತಿದ್ದಿ ಎಂದರು. ಸಾಕ್ಷಿ ಯಾರು ಎಂದು ಕೇಳಿದಾಗ ಅವಳು ನಂಟನ್ನೂ ಮುಚ್ಚಿಡದೆ ಹೇಳಿದಳು. ಮರಗಳು ನೆಂಟರಲ್ಲವಲ್ಲ ಎಂದು ಅವರು ಸಹಿ ಹಾಕಿದರು.

ತನ್ನ ಕೋಣೆಗೆ ಬಂದು ಅವಳು ಹಳೆಯ ಸರ್ವೆಗಳ ಕಪಾಟು ತೆರೆದಳು. ಹನ್ನೊಂದು ವರ್ಷ ಮರ ಎತ್ತ ಬಿತ್ತು ಎಂದು ಬರೆದಿದ್ದಳು. ಯಾವುದರ ಮೇಲೆ ಯಾವುದು ಬಿತ್ತು ಎಂದು ಒಮ್ಮೆಯೂ ಬರೆದಿರಲಿಲ್ಲ. ಇನ್ನೆಷ್ಟು ಊರುಗಳಲ್ಲಿ ಯಾರ್ಯಾರು ಎರಡು ಸಲ ಎಂದು ಹೇಳಿ ನಗೆಪಾಟಲಾಗಿದ್ದರೋ. ಒಂಬತ್ತನೆಯ ಕಡತದಲ್ಲಿ ಒಂದರ ಮೇಲೊಂದು ಒರಗಿದ ಎರಡು ಕಂಬಗಳ ಚಿತ್ರ ಸಿಕ್ಕಿತು. ದೀಪದ ಕೆಳಗೆ ಹಿಡಿದು ನೋಡಿದಳು. ಅವು ಕೂಡುವ ಜಾಗ ಅಂಚಿನಲ್ಲಿ ಕತ್ತರಿಸಿಹೋಗಿತ್ತು. ಚಿತ್ರ ತೆಗೆದವಳು ತಾನೇ. ಅವಳು ಆ ಊರಿನ ಹೆಸರು ಬರೆದುಕೊಂಡು ಮುಂದಿನ ಕಡತಕ್ಕೆ ಕೈ ಹಾಕಿದಳು.