ತಡೆಹಲಗೆ ಇಡದ ಎರಡು ನಿಮಿಷ

ಇಪ್ಪತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿದ ಕೈ ಅವನದು. ಅಂದು ಮೂರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿಟ್ಟು, ಮರೆತು ಬಂದ ಸ್ಪ್ಯಾನರ್ ತರಲು ಕೆಳಗಿಳಿದ. ಎರಡು ನಿಮಿಷ ತಾನೇ ಎಂದು ತಡೆಹಲಗೆ ಇಡಲಿಲ್ಲ. ಅಷ್ಟರಲ್ಲಿ ಆ ಕಚೇರಿಯ ಗುಮಾಸ್ತರು ಕಾಗದ ಓದುತ್ತಲೇ ಒಳಗೆ ಕಾಲಿಟ್ಟರು. ಒಳಗೆ ಲಿಫ್ಟ್ ಇರಲಿಲ್ಲ.

ಕೇಸು ನಡೆಯಿತು.

"ನಾನು ಕೊಲೆಗಾರನಾ ಮೇಡಂ?" ಎಂದು ವಕೀಲೆಯನ್ನು ಕೇಳಿದ.

"ಅಲ್ಲ. ಕೊಲೆ ಅನ್ನೋಕೆ ಕೊಲ್ಲೋ ಉದ್ದೇಶ ಬೇಕು. ನಿಮಗದು ಇರಲಿಲ್ಲ. ಆದ್ರೆ ಇರಬೇಕಾದ ಎಚ್ಚರಾನೂ ಇರಲಿಲ್ಲ. ಕಾನೂನು ಇದನ್ನ ನಿರ್ಲಕ್ಷ್ಯದಿಂದಾದ ಸಾವು ಅನ್ನುತ್ತೆ. ಶಿಕ್ಷೆ ಕಮ್ಮಿ. ಆದ್ರೆ ಅಪರಾಧ ಅಪರಾಧಾನೇ."

ಹೊರಗೆ ಬಂದಾಗ ಭಾವ ಅವನ ಕಿವಿಯಲ್ಲಿ ಊದಿದರು: "ಹಲಗೆ ಇಟ್ಟಿದ್ದೆ, ವಾಚ್‌ಮನ್ ತೆಗೆದಿರಬೇಕು ಅಂದ್ಬಿಡೋ. ಯಾರು ನೋಡಿದ್ದಾರೆ?"

"ನಾನು ನೋಡಿದೀನಲ್ಲ ಭಾವ."

ಕಟಕಟೆಯಲ್ಲಿ ನಿಂತವನನ್ನು ನ್ಯಾಯಾಧೀಶರು ಹಲಗೆ ಇಟ್ಟಿದ್ದೆಯಾ ಎಂದು ಕೇಳಿದಾಗ, "ಇಡಲಿಲ್ಲ ಸ್ವಾಮಿ" ಎಂದ. ಹಿಂದಿನ ಬೆಂಚಿನಲ್ಲಿದ್ದ ವಾಚ್‌ಮನ್ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಎಂಟು ತಿಂಗಳ ಸಜೆಯಾಯಿತು.

ಕೋರ್ಟಿನ ಜಗಲಿಯಲ್ಲಿ ಗುಮಾಸ್ತರ ಹೆಂಡತಿ ಮಗಳೊಂದಿಗೆ ಎದುರಾದರು. ಅವನ ಜೊತೆಯಲ್ಲಿದ್ದ ಪೊಲೀಸಿನವನು ಒಂದು ಹೆಜ್ಜೆ ಹಿಂದೆ ಸರಿದು ನಿಂತ.

"ಮೊದಲು ಓಡಿಬಂದದ್ದು ನೀವಂತೆ. ಏನಾದ್ರೂ ಹೇಳಿದ್ರಾ ಅವರು?"

"ನನ್ನ ಕೈ ಹಿಡ್ಕೊಂಡ್ರಮ್ಮ. 'ನಿಂದೇನೂ ತಪ್ಪಿಲ್ಲಪ್ಪ, ನಾನೇ ನೋಡ್ಲಿಲ್ಲ' ಅಂದ್ರು."

ಪಕ್ಕದಲ್ಲಿದ್ದ ವಕೀಲೆ ತಿರುಗಿ ನೋಡಿದರು. "ಇದನ್ನ ಯಾಕ್ರೀ ಮೊದಲೇ ಹೇಳಲಿಲ್ಲ? ಶಿಕ್ಷೆ ಇನ್ನೂ ಕಮ್ಮಿ ಆಗ್ತಿತ್ತೇನೋ!"

"ಅವರು ದೊಡ್ಡ ಮನಸ್ಸಿಂದ ಅಂದ ಮಾತು. ಅದನ್ನ ನನ್ನ ಪರ ಸಾಕ್ಷಿ ಮಾಡ್ಕೊಳ್ಳೋದು ಹೇಗೆ ಮೇಡಂ?"

ಆ ತಾಯಿಯ ಮುಖದಲ್ಲಿ ನಗು ಸುಳಿಯಿತು. ಕಣ್ಣು ಮಾತ್ರ ತುಂಬಿತ್ತು. "ಅವರು ಹಾಗೇನೇ. ಬಸ್ಸಲ್ಲಿ ಯಾರೋ ಇವರ ಕಾಲು ತುಳಿದ್ರೆ ಇವರೇ ಸಾರಿ ಕೇಳೋರು." ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು: "ತಪ್ಪು ನಿಮ್ಮದೇ. ಅದನ್ನ ಇಲ್ಲ ಅನ್ನಲ್ಲ ನಾನು. ಆದ್ರೆ ಆ ಕತ್ತಲಲ್ಲಿ ಅವರೊಬ್ಬರೇ ಇದ್ರೇನೋ ಅಂತ ಇಷ್ಟು ದಿನ ನಿದ್ದೆ ಇರಲಿಲ್ಲ ನಂಗೆ."

ಮಗಳು ಅವರ ತೋಳು ಹಿಡಿದಳು. ಇಬ್ಬರೂ ನಿಧಾನವಾಗಿ ಮೆಟ್ಟಿಲಿಳಿದು ಹೋದರು.