ಬಾಗಿಲ ಪಕ್ಕದ ಕಂಬ

ಉಪಕಾರ ಮಾಡಲು ಹೋಗಿ ಕೆಲಸ ಕೆಡಿಸುವುದರಲ್ಲಿ ಬೊರಾಮಳನ್ನು ಮೀರಿಸುವವರು ಸಿಯೋಲ್ ನಗರದಲ್ಲಿ ಕಡಿಮೆ. ಮೂವತ್ತನಾಲ್ಕರ ಈ ವಾಸ್ತುಶಿಲ್ಪಿಗೆ ಉಲ್ಜಿರೊದ ಓಣಿಯೊಂದರಲ್ಲಿ ಮುಚ್ಚಿಹೋದ ಮುದ್ರಣಾಲಯವನ್ನು ಧ್ಯಾನಮಂದಿರವಾಗಿಸುವ ಕೆಲಸ ಸಿಕ್ಕಿತ್ತು. ಗುಮಾಸ್ತರು, ದೀಪದಂಗಡಿಯವರು, ತಳ್ಳುಗಾಡಿಯವರು ಊಟದ ಬಿಡುವಿನಲ್ಲಿ ಬಂದು ಅರ್ಧ ಗಂಟೆ ಸುಮ್ಮನೆ ಕೂರಲಿ ಎಂಬುದು ಅದನ್ನು ಮಾಡಿಸುತ್ತಿದ್ದ ಭಿಕ್ಷುಣಿ ದೊಅನ್ ಅವರ ಆಸೆ. ವಿಗ್ರಹ ಬೇಡ, ಬಣ್ಣದ ಸೂರು ಬೇಡ, ಬೆಟ್ಟದ ಗುಡಿಗೆ ಹೋಗಿ ಬಂದಂತೆ ಅನ್ನಿಸಿದರೆ ಸಾಕು ಎಂದಿದ್ದರು.

ಬೊರಾಮ್ ಬಾಗಿಲನ್ನು ಬೇಕೆಂದೇ ತಗ್ಗಾಗಿ ಇಟ್ಟಳು. ಬೆಟ್ಟದ ಗುಡಿಯಲ್ಲಿ ಕಂಬಗಳ ಮೇಲೆ ನಿಂತ ಮಂಟಪದಡಿ ತಲೆ ಬಗ್ಗಿಸಿ ನುಸುಳಿದವರಿಗೆ ಅಂಗಳ ತೆರೆದುಕೊಳ್ಳುತ್ತದಲ್ಲ, ಇಲ್ಲಿಯೂ ಹಾಗೇ ಬೆಳಕು ತೆರೆದುಕೊಳ್ಳಬೇಕು. ನಡುವೆ ನಾಲ್ಕು ಪೈನ್ ಕಂಬ, ಮೇಲೊಂದು ಮರದ ಚೌಕಟ್ಟು. ಹಳೆಯ ಗುಡಿಗಳಲ್ಲಿರುವಂತೆ ಕಂಬಗಳು ಕೆತ್ತದ ಕಾಡುಗಲ್ಲಿನ ಮೇಲೆ ಕಬ್ಬಿಣದ ಸಹವಾಸವಿಲ್ಲದೆ ನಿಲ್ಲಬೇಕು. ಕಲ್ಲಿನ ಉಬ್ಬುತಗ್ಗು ಹೇಗಿದೆಯೋ ಹಾಗೆ ಕಂಬದ ಬುಡವನ್ನು ಕೆತ್ತಿ ಕೂರಿಸುವ ಕೆಲಸ ಅದು. ಕಟ್ಟಡದ ಮಾಲೀಕ ಮಾತ್ರ ಒಪ್ಪಿರಲಿಲ್ಲ. ಮುಂದಿನ ಶುಕ್ರವಾರ ಬಂದು ತಳ್ಳಿ ನೋಡುತ್ತೇನೆ, ಅಲುಗಿದರೆ ಉಕ್ಕಿನ ಪಟ್ಟಿ ಹಾಕಿ ಬೋಲ್ಟು ಬಿಗಿಸುವುದೇ ಸೈ ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದ. ಉಕ್ಕು ಬಂದರೆ ಅದು ಗುಡಿಯಲ್ಲ, ಬಸ್ ನಿಲ್ದಾಣ. ಅದನ್ನು ನೆನೆದರೇ ಬೊರಾಮಳಿಗೆ ಊಟ ಸೇರುತ್ತಿರಲಿಲ್ಲ.

ಈ ಕೆಲಸ ಬಲ್ಲ ಪ್ಯೊ ಮೇಸ್ತ್ರಿಗೆ ಎಪ್ಪತ್ತಾರು. ಐವತ್ತು ವರ್ಷ ಗುಡಿಗಳನ್ನು ದುರಸ್ತಿ ಮಾಡಿದ ಕೈ ಈಗ ಬಾರ್ಲಿ ಚಹಾದ ಬಟ್ಟಲು ಹಿಡಿದರೆ ನಡುಗುತ್ತಿತ್ತು. ಅವನು ಅದನ್ನು ಇನ್ನೊಂದು ಕೈಯಿಂದ ಮುಚ್ಚಿಕೊಳ್ಳುವುದನ್ನು ಬೊರಾಮ್ ಕಂಡಳು. ಮುದುಕನ ಶ್ರಮ ಕಡಿಮೆಯಾಗಲೆಂದು, ಯಾರಿಗೂ ಹೇಳದೆ, ನಾಲ್ಕೂ ಕಲ್ಲುಗಳ ತಲೆಯನ್ನು ಯಂತ್ರದಲ್ಲಿ ಉಜ್ಜಿಸಿ ಮಣೆಯಂತೆ ಸಪಾಟು ಮಾಡಿಸಿದಳು.

ಸೋಮವಾರ ಮೇಸ್ತ್ರಿ ಬಂದ. ಕಲ್ಲಿನ ಮೇಲೆ ಅಂಗೈ ಆಡಿಸಿದ. ಉಳಿಯ ಚೀಲ ಬಿಚ್ಚಲೇ ಇಲ್ಲ.

"ಇದಕ್ಕೆ ಕ್ಷೌರ ಮಾಡಿಸಿದೋರು ಯಾರು, ಇಂಜಿನಿಯರಮ್ಮ?"

"ನಾನೇ, ಮೇಸ್ತ್ರಿ. ನಿಮಗೆ ಸುಲಭ ಆಗ್ಲಿ ಅಂತ."

"ಸುಲಭ ಬೇಕಿದ್ರೆ ಮನೇಲೇ ಮಲಗಿರ್ತಿದ್ದೆ. ನನ್ನ ಕೈ ನೋಡಿ ಮಾಡಿಸಿದೆ, ಅಲ್ವಾ?"

ನುಣ್ಣನೆಯ ಕಲ್ಲಿನ ಮೇಲೆ ಕಂಬ ಜಾರುತ್ತದೆ, ಉಬ್ಬುತಗ್ಗಿದ್ದರೆ ತಾನೇ ಕಚ್ಚಿ ಹಿಡಿಯುವುದು ಎಂದಷ್ಟೇ ಹೇಳಿ ಮೇಸ್ತ್ರಿ ಚೀಲ ಹೆಗಲಿಗೇರಿಸಿ ಹೊರಟುಹೋದ. ಬೇರೆ ಕಲ್ಲು ಬರಲು ಹದಿನೈದು ದಿನ ಬೇಕಿತ್ತು.

ಮಂಗಳವಾರ ಅವಳು ತನ್ನನ್ನೇ ಬೈದುಕೊಳ್ಳುತ್ತಾ ಆ ಕಲ್ಲುಗಳನ್ನು ಹೊರಗೆ ಸಾಗಿಸಲು ಹಾರೆ ಹಾಕಿ ಮೀಟಿದಳು. ಮೊದಲನೆಯದು ದಡಕ್ಕನೆ ಮಗುಚಿ, ಸಪಾಟು ಮುಖ ಕೆಳಗಾಗಿ ಕಾಂಕ್ರೀಟು ನೆಲಕ್ಕೆ ಅಂಟಿದಂತೆ ಕೂತಿತು. ಮೇಲೆ ಬಂದದ್ದು ಯಂತ್ರ ಮುಟ್ಟದ, ಹೊಳೆಯಿಂದ ಎತ್ತಿ ತಂದಂತಿದ್ದ ಬೆನ್ನು. ಬೊರಾಮ್ ಅದರ ಮೇಲೆ ಹತ್ತಿ ನಿಂತಳು. ಕುಣಿದಳು. ಕಲ್ಲು ಮಿಸುಕಲಿಲ್ಲ.

ಫೋನು ಮಾಡಿದ ಗಂಟೆಯೊಳಗೆ ಮೇಸ್ತ್ರಿ ಹಾಜರಾದ. ತಾನೂ ಹತ್ತಿ ತುಳಿದು ನೋಡಿ ನಕ್ಕುಬಿಟ್ಟ.

"ಗುಡೀಲಾದ್ರೆ ಮಣ್ಣು ತೋಡಿ ಕಲ್ಲು ಹುಗೀತೀವಿ. ಈ ಕಾಂಕ್ರೀಟಿನ ಮೇಲೆ ಹೆಂಗಪ್ಪಾ ಕೂರ್ಸೋದು ಅಂತ ನಂಗೂ ದಿಗಿಲಿತ್ತು. ಹೇಳೋಕೆ ಮಾನ ಅಡ್ಡ ಬಂತು."

ಉಳಿದ ಮೂರು ಕಲ್ಲುಗಳನ್ನೂ ಹಾಗೇ ಮಗುಚಿ ಕೂರಿಸಿದರು. ಮೂರು ಕಂಬಗಳನ್ನು ಅವನೇ ಮಾಡಿದ. ಬಿದಿರಿನ ಕೈವಾರದ ಒಂದು ಕಾಲು ಕಲ್ಲಿನ ಉಬ್ಬುತಗ್ಗನ್ನು ಹತ್ತಿ ಇಳಿಯುತ್ತಿದ್ದರೆ, ಮಸಿ ಅದ್ದಿದ ಇನ್ನೊಂದು ಕಾಲು ಅದೇ ಗೆರೆಯನ್ನು ಕಂಬದ ಬುಡದಲ್ಲಿ ಬರೆಯುತ್ತಿತ್ತು. ನಾಲ್ಕನೆಯದಕ್ಕೆ ಕೈವಾರವನ್ನು ಬೊರಾಮಳ ಕೈಗೆ ಕೊಟ್ಟು, ಬಾಗಿಲ ಪಕ್ಕದ್ದು ನಿನ್ನದು ಎಂದ. ಅವಳು ಗೆರೆ ಹಾಕಿದಳು, ಕೆತ್ತಿದಳು, ರಾಟೆಯಲ್ಲಿ ಕಂಬ ಎತ್ತಿಸಿ ಇಳಿಸಿ ಮತ್ತೆ ಕೆತ್ತಿದಳು. ಇಪ್ಪತ್ತೊಂದು ಸಲ. ಬೊಬ್ಬೆ ಎದ್ದ ಕೈಯಲ್ಲಿ ಚಾಪ್‌ಸ್ಟಿಕ್ ಹಿಡಿಯಲಾಗದೆ ಚಮಚದಲ್ಲಿ ಉಂಡಳು, ಆದರೂ ಇಷ್ಟು ಖುಷಿಯಾಗಿ ಎಂದೂ ಉಂಡಿರಲಿಲ್ಲ.

ಶುಕ್ರವಾರ ಮಾಲೀಕ ಭಿಕ್ಷುಣಿಯ ಜೊತೆ ಬಂದು ನಾಲ್ಕೂ ಕಂಬಗಳನ್ನು ಹೆಗಲು ಕೊಟ್ಟು ತಳ್ಳಿದ. ಮೈ ಬೆವರಿತೇ ಹೊರತು ಕಂಬ ಅಲುಗಲಿಲ್ಲ. ಅಷ್ಟಕ್ಕೆ ಬಿಡದೆ ಜೇಬಿನಿಂದ ವಿಸಿಟಿಂಗ್ ಕಾರ್ಡು ತೆಗೆದು ಒಂದೊಂದರ ಬುಡಕ್ಕೂ ತೂರಿಸಿ ನೋಡಿದ. ಕಿಟಕಿ ಪಕ್ಕದ ಕಂಬದಡಿ ಕಾರ್ಡಿನ ಮೂಲೆ ಉಗುರಿನಷ್ಟು ಒಳಗೆ ಹೋಯಿತು.

"ಇದು ಯಾರ ಕೈಕೆಲಸ?"

ಮೇಸ್ತ್ರಿಯ ಮುಖ ನೋಡುವ ಧೈರ್ಯ ಬೊರಾಮಳಿಗೆ ಬರಲಿಲ್ಲ.

"ನಂದು," ಎಂದಳು.

"ಸುಳ್ಳು," ಎಂದ ಮೇಸ್ತ್ರಿ. "ಮತ್ತೆ ಉಪಕಾರಕ್ಕೆ ಹೊರಟ್ಲು ನೋಡಿ. ಅದು ನಂದು. ಇವಳದ್ದು ಬಾಗಿಲ ಪಕ್ಕದ್ದು, ಅಲ್ಲಿ ಕೂದಲೂ ತೂರಲ್ಲ."

ಮಾಲೀಕ ಬಾಗಿಲ ಪಕ್ಕಕ್ಕೆ ಹೋಗಿ ಇನ್ನೊಮ್ಮೆ ತೂರಿಸಿದ. ಕಾರ್ಡು ಮಡಚಿಕೊಂಡಿತು. ಉಗುರಿನಷ್ಟು ಸಂದಿಯಿದ್ದರೂ ಕಂಬ ಅಲುಗದ ಮೇಲೆ ಬೋಲ್ಟಿನ ಮಾತು ಯಾಕೆ ಎಂದು ಭಿಕ್ಷುಣಿ ಕೇಳಿದಾಗ ಅವನು ಮಡಚಿದ ಕಾರ್ಡನ್ನು ಜೇಬಿಗೆ ಸೇರಿಸಿ, ಹಾಗಾದರೆ ಬೋಲ್ಟು ಬೇಡ ಎಂದ. ಹಸಿ ಮರ, ಎರಡು ವರ್ಷದಲ್ಲಿ ತಾನೇ ಕೂತುಕೊಳ್ಳುತ್ತದೆ ಎಂದ ಮೇಸ್ತ್ರಿ.

ಎಲ್ಲರೂ ಹೋದ ಮೇಲೆ ಅವನು ಬೊರಾಮಳ ಕಂಬಕ್ಕೆ ಒರಗಿ ಕಾಲು ಚಾಚಿ ಕೂತ. ಅವಳು ಚಹಾ ಕೊಟ್ಟಳು. ಬಟ್ಟಲು ನಡುಗಿ ಒಂದೆರಡು ಹನಿ ನೆಲಕ್ಕೆ ಬಿದ್ದವು. ಅವನು ಕೈ ಮುಚ್ಚಿಕೊಳ್ಳಲಿಲ್ಲ, ಅವಳೂ ಒರೆಸಲು ಏಳಲಿಲ್ಲ.